ಪಕ್ಕದ ಕಚೇರಿಯ ಗೆರೆ

ನಲ್ಲಿನೀರಿನ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಅವಳಿಗೆ ಸಾಹೇಬರು ಒಂದು ಕೆಲಸ ವಹಿಸಿದ್ದರು. ಮನೆಗಳ ವಿವರವೆಲ್ಲ ಇವರ ಡೇಟಾಬೇಸಿನಲ್ಲಿತ್ತು. ಹೊಸ ಕಾಲುವೆಯ ನಕ್ಷೆ ಮಾತ್ರ ಪಕ್ಕದ ಕಾಲುವೆ ಕಚೇರಿಯ ಕಂಪ್ಯೂಟರಿನಲ್ಲಿತ್ತು. ಅದನ್ನು ಇದ್ದಲ್ಲೇ ಇಟ್ಟು ಇಲ್ಲಿಂದಲೇ ನೋಡುವ ಹಾಗೆ ಜೋಡಿಸಬೇಕು, ಕಾಲುವೆಗೆ ಅಡ್ಡ ಬಂದು ಕೆಡವಲಿರುವ ಮನೆಗಳ ನಲ್ಲಿ ಕತ್ತರಿಸಬೇಕು. ಜೋಡಿಸುವಾಗ, ಎರಡು ಕಚೇರಿಗಳ ಅಳತೆ ಬೇರೆ ಬೇರೆ ಬಿಂದುವಿನಿಂದ ಶುರುವಾಗುತ್ತದೆಂದು ಪರದೆ ಎಚ್ಚರಿಸಿತು. ಅವಳು ಅದಕ್ಕೆ ಕವಡೆ ಕಿಮ್ಮತ್ತೂ ಕೊಡಲಿಲ್ಲ.

ಅಡ್ಡ ಬರುವ ಮನೆಗಳು ಯಾವುವೆಂದು ಕಂಪ್ಯೂಟರನ್ನು ಮೊದಲ ಸಲ ಕೇಳಿದಾಗಲೇ ಅಮ್ಮನ ಮನೆ ಬಂತು. ಹಾಸಿಗೆ ಹಿಡಿದ ಅಮ್ಮನಿಗೂ ಅವಳಿಗೂ ಇದ್ದದ್ದು ಅದೊಂದೇ ಸೂರು.

ಕಾಲುವೆ ಕಚೇರಿಯವರು ಮಹಾ ಧಾರಾಳಿಗಳು. ನೋಡಲು ಕೇಳಿದರೆ ತಿದ್ದುವ ಅಧಿಕಾರವನ್ನೂ ಕೊಟ್ಟುಬಿಟ್ಟಿದ್ದರು. ಇಲ್ಲಿ ತಿದ್ದಿದರೆ ಅಲ್ಲೂ ತಿದ್ದಿದ ಹಾಗೆಯೇ. ಕಾಲುವೆಯ ಗೆರೆಯನ್ನು ಎಡಕ್ಕೆ ತಳ್ಳಬಹುದಿತ್ತು. ಅಲ್ಲಿದ್ದದ್ದು ಹೆಗ್ಗಣಗಳ ಪಾಲಾದ ಹಳೆಯ ಗೋದಾಮು. ಬಲಕ್ಕಿದ್ದದ್ದು ಚಿಕ್ಕಮ್ಮನ ಮನೆ. ಕಾಂಪೌಂಡು ಗೋಡೆಯ ಜಗಳದಲ್ಲಿ ಮಾತು ಬಿಟ್ಟವಳು ಆ ಚಿಕ್ಕಮ್ಮ. ಇವಳು ಗೆರೆಯನ್ನು ಬಲಕ್ಕೇ ತಳ್ಳಿದಳು. ಮತ್ತೆ ಕೇಳಿದಾಗ ಅಮ್ಮನ ಮನೆ ಮಾಯವಾಗಿ ಚಿಕ್ಕಮ್ಮನದು ಬಂತು. ಹೊಟ್ಟೆ ತಣ್ಣಗಾಯಿತು.

ಮುಂದಿನ ವಾರ ಕಾಲುವೆ ಕಚೇರಿಯ ಎಂಜಿನಿಯರು ಕೆಂಪು ಬಣ್ಣದ ಡಬ್ಬ ಹಿಡಿದು ಬಂದ. ನೇರವಾಗಿ ಅಮ್ಮನ ಮನೆಯ ಗೋಡೆಗೆ ಅಡ್ಡಗೆರೆ ಎಳೆದ.

"ಸಾರ್, ಇದಲ್ಲ! ಪಕ್ಕದ್ದು!"

"ನಿಮ್ಮ ಆಫೀಸಲ್ಲಿ ಹಾಗೇ ಕಾಣೋದು. ನಿಮ್ಮ ಅಳತೆಗೂ ನಮ್ಮದಕ್ಕೂ ಹೊಂದಲ್ಲ, ನಮ್ಮ ಗೆರೆ ನಿಮಗೆ ಒಂದು ಮನೆ ಬಲಕ್ಕೆ ಕಾಣುತ್ತೆ," ಎಂದ. "ಮೊದ್ಲು ಆ ಗೋದಾಮಿನ ಮೇಲೇ ಇತ್ತು. ಯಾರೋ ಸರಿಸಿದಾರೆ."

ಅವಳು ಗೋಡೆಗೆ ಅಡ್ಡ ಬಂದು ನಿಂತಳು. "ಮತ್ತೆ... ಹಿಂದಕ್ಕೆ ಹಾಕಿ."

"ಸರಿಸಿದೋರು ಬಂದು ಒಪ್ಕೊಂಡ್ರೆ ಇವತ್ತೇ ಹಾಕಿಸ್ತೀನಿ. ಒಪ್ಕೊಂಡೋರು ಜೈಲಿಗೆ ಹೋಗ್ತಾರೆ, ಅದು ಬೇರೆ ಮಾತು. ಇಲ್ದಿದ್ರೆ ನಕ್ಷೆ ಹೇಳಿದ್ದೇ ನನಗೆ. ನಾಳೆ ಬುಲ್ಡೋಜರ್ ಬರುತ್ತೆ." ಬಣ್ಣದ ಕೈ ಒರೆಸಿಕೊಳ್ಳುತ್ತಾ ಅವಳ ಮುಖವನ್ನೇ ನೋಡಿದ. "ನಿಮಗೇನಾದ್ರೂ ಗೊತ್ತಾ?"

ಒಳಗಿನಿಂದ ಅಮ್ಮ, "ಯಾರೇ ಅದು?" ಎಂದು ಕೂಗಿದಳು.

ಒಂದು ಮಾತು ಸಾಕಿತ್ತು. ಕೆಲಸ ಹೋಗುತ್ತಿತ್ತು, ಮಾನ ಹೋಗುತ್ತಿತ್ತು, ಮನೆ ಉಳಿಯುತ್ತಿತ್ತು. ಅಂಥ ಮಗಳಾಗಿದ್ದರೆ ಗೆರೆ ಬಲಕ್ಕೆ ಹೋಗುತ್ತಲೇ ಇರಲಿಲ್ಲ.

"ನಂಗೇನ್ ಗೊತ್ತು ಸಾರ್," ಎಂದಳು.

ಗೋಡೆಯಾಚೆ ನಿಂತು ಎಲ್ಲ ಕೇಳಿಸಿಕೊಂಡ ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ಬಂದಳು. "ಯಾವ ಪಾಪಿ ಮಾಡಿದ್ನೋ, ಅವನ ಕೈಗೆ ಹುಳ ಬೀಳ! ಹಾಸಿಗೆ ಹಿಡಿದೋಳ ಮನೇನೇ ಬೇಕಿತ್ತಾ ಅವನಿಗೆ?" ಎಂದು ಶಪಿಸುತ್ತಲೇ ಒಳಗೆ ನುಗ್ಗಿ ಅಮ್ಮನ ಮಂಚದ ಒಂದು ತುದಿ ಹಿಡಿದಳು. "ಏನೇ ಕಂಬದ ಹಾಗೆ ನಿಂತಿದ್ದೀಯ? ಆ ಕಡೆ ಹಿಡ್ಕೊ. ಅಕ್ಕನ್ನ ನಮ್ಮನೆಗೆ ಕರ್ಕೊಂಡು ಹೋಗೋಣ. ನೀನೂ ಅಲ್ಲೇ ಇರು."

ಅವಳು ಬಗ್ಗಿ ಇನ್ನೊಂದು ತುದಿಗೆ ಕೈ ಹಾಕಿದಳು.