ಅಣ್ಣನ ಅಂಗಿ

ಇಸ್ತ್ರಿ ಮಾಡಿದ ಬಟ್ಟೆಯ ವಾಸನೆ, ಅದೂ ಇಲ್ಲಿ, ಒಣಮಣ್ಣು ಮತ್ತು ಫಿನಾಯಿಲ್ ಬಿಟ್ಟು ಬೇರೇನೂ ಮೂಗಿಗೆ ಬಾರದ ಈ ಕೋಣೆಯಲ್ಲಿ — ಬಾಗಿಲ ಸಂದಿಯಿಂದ ಬರುತ್ತಿದೆ, ಅಂದರೆ ಆ ತಾಯಿ ಬಂದಾಯಿತು, ಹೊರಗಿನ ಬೆಂಚಿನ ಮೇಲೆ ಕೂತಾಯಿತು, ತೊಡೆಯ ಮೇಲೆ ದೊಡ್ಡ ಮಗನ ಬಿಳಿ ಅಂಗಿ ಇರುತ್ತದೆ, ನಿನ್ನೆ ಫೋನಿನಲ್ಲೇ ಕೇಳಿದ್ದಳಂತೆ, ಬಟ್ಟೆ ತರಬಹುದಾ ಸಾಹೇಬ್ರೇ, ಬರೀ ಮೈಯಲ್ಲಿ ಕಳಿಸೋಕೆ ಮನಸ್ಸು ಬರಲ್ಲ, ತನ್ನಿ ತಾಯಿ ಧಾರಾಳವಾಗಿ ತನ್ನಿ ಅಂದರಂತೆ ಸಾಹೇಬರು. ಧಾರಾಳಕ್ಕೇನು, ನಾಲಿಗೆಗೆ ಎಲುಬಿಲ್ಲ, ಎಲುಬೆಲ್ಲ, ಎಲುಬು ನೋಡಿ ಸತ್ತವರ ಗುರುತು ಹಿಡಿಯುವ ಇವಳ ಮೇಜಿನ ಮೇಲಿದೆ, ತಲೆಯಿಂದ ಪಾದದವರೆಗೆ ಅದರದರ ಜಾಗದಲ್ಲಿ, ಗೋದಾಮಿನ ಹಿಂದಿನ ಗುಂಡಿಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದಿದ್ದವರಿಂದ ಬಿಡಿಸಿ ಬಿಡಿಸಿ ತಂದು ಜೋಡಿಸಿದ್ದು, ಒಂದೇ ಒಂದು ಮಾತ್ರ ಬೆಳಿಗ್ಗೆಯಿಂದ ಇವಳ ಅಂಗೈಯಲ್ಲಿ, ಕೊರಳೆಲುಬು, ಎದೆಗೆ ಕೂಡುವ ಅದರ ತುದಿ. ಮತ್ತೊಮ್ಮೆ ದೀಪದ ಕೆಳಗೆ ಹಿಡಿಯುತ್ತಾಳೆ, ತಪ್ಪು ನನ್ನದೇ ಆಗಿರಲಿ ದೇವರೇ, ಕಣ್ಣಿಗೆ ವಯಸ್ಸಾಗಿದೆ ಅಂತಲಾದರೂ ಆಗಲಿ — ಇಲ್ಲ, ತುದಿ ಇನ್ನೂ ಮುಚ್ಚಿಲ್ಲ, ನೀರು ಇಳಿದ ಮೇಲಿನ ಕೆಸರಿನ ಹಾಗೆ ಅಲೆ ಅಲೆ, ಮೂವತ್ತು ದಾಟಿದವರಲ್ಲಿ ಅದು ಮುಚ್ಚಿ ನುಣುಪಾಗಿರುತ್ತದೆ, ಆ ದೊಡ್ಡ ಮಗನಿಗೆ ಮೂವತ್ತು ದಾಟಿತ್ತು, ಮೇಜಿನ ಮೇಲೆ ಮಲಗಿರುವ ಹುಡುಗನಿಗೆ ಇಪ್ಪತ್ತೂ ಆಗಿಲ್ಲ. ಡಿಎನ್ಎ ವರದಿ ಹೇಳಿದ್ದು ಇಷ್ಟೇ, ಈ ತಾಯಿಯ ಮಗ. ಯಾವ ಮಗ ಅಂತ ಅದು ಹೇಳುವುದಿಲ್ಲ, ರಕ್ತಕ್ಕೆ ದೊಡ್ಡವನು ಚಿಕ್ಕವನು ಗೊತ್ತಿಲ್ಲ, ಆಕೆ ಕಾಣೆಯಾದವನು ಅಂತ ಬರೆಸಿದ್ದು ದೊಡ್ಡವನೊಬ್ಬನನ್ನೇ, ಬಂದೂಕಿನವರು ಅವನನ್ನು ಪೇಟೆಯಿಂದ ಲಾರಿಗೆ ಹತ್ತಿಸಿಕೊಂಡು ಹೋದದ್ದನ್ನು ನೋಡಿದವರಿದ್ದರು, ಚಿಕ್ಕವನು ಅದೇ ದಿನ ಗಡಿ ದಾಟಿದ, ಇವತ್ತಲ್ಲ ನಾಳೆ ಫೋನ್ ಮಾಡ್ತಾನೆ ಅಂತ ಆಕೆಯ ನಂಬಿಕೆ. ಮೊದಲು ಮೇಜಿನ ಮೇಲೆ ಪರೀಕ್ಷೆ, ಆಮೇಲೆ ಮನೆಯವರಿಗೆ ಫೋನು, ಈ ಕಚೇರಿಯಲ್ಲಿ ಇರುವುದೊಂದೇ ನಿಯಮ ಅದು, ಇವಳು ಗುಂಡಿಯ ಹತ್ತಿರ ಮಣ್ಣು ಜರಡಿ ಹಿಡಿಯುತ್ತಿದ್ದಾಗ ಸಾಹೇಬರು ವರದಿ ನೋಡಿದವರೇ ಫೋನು ಎತ್ತಿಬಿಟ್ಟರು, ಒಳ್ಳೆ ಸುದ್ದಿ ಯಾಕಮ್ಮ ತಡ ಮಾಡ್ಬೇಕು. ಇಲ್ಲಿ ಇದಕ್ಕೆ ಒಳ್ಳೆ ಸುದ್ದಿ ಅನ್ನುತ್ತಾರೆ.

ಅಂಗೈ ಬೆವರುತ್ತಿದೆ, ಎಲುಬಿಗೆ ಬೆವರು ತಾಗಬಾರದು, ಕೆಳಗಿಡಬೇಕು, ಇಡಲಾರಳು — ಬೆಳಿಗ್ಗೆ ಕಾಲೇಜಿಗೆ ಹೊರಟ ಮಗಳ ಕಾಲರು ಸರಿ ಮಾಡುವ ನೆಪದಲ್ಲಿ ಅವಳ ಕೊರಳ ಕೆಳಗಿನ ಇದೇ ತುದಿಯನ್ನು ಹೆಬ್ಬೆರಳಿನಿಂದ ಮುಟ್ಟಿದ್ದಳು, ಅಮ್ಮಾ ಮತ್ತೆ ಶುರು ಮಾಡ್ಬೇಡ, ನಾನಿನ್ನೂ ಬದುಕಿದೀನಿ, ಮಗಳಿಗೆ ತಮಾಷೆ, ಇವಳು ಬಸ್ಸು ತಿರುವು ದಾಟುವವರೆಗೂ ಗೇಟಿನಲ್ಲೇ ನಿಂತಿದ್ದಳು. ಆ ತಾಯಿಯ ಮನೆಗೆ ರಕ್ತದ ಮಾದರಿ ತರಲು ಹೋದವಳೂ ಇವಳೇ, ಎರಡು ಕೋಣೆ, ಸ್ಟೂಲಿನ ಮೇಲೆ ಫೋನು, ಅದರ ಮೇಲೆ ಧೂಳು ಕೂರದ ಹಾಗೆ ಕರವಸ್ತ್ರ, ಮಾತಿನ ನಡುವೆ ಅದು ಹೊಡೆದುಕೊಂಡಾಗ ಆಕೆ ಚಪ್ಪಲಿ ಎಡವಿ ಓಡಿದ್ದಳು, ರಾಂಗ್ ನಂಬರು, ಪರವಾಗಿಲ್ಲ ಬಿಡಿ ಅಂತ ಅವರಿಗೇ ಸಮಾಧಾನ ಹೇಳಿ ಬಂದು ಕೂತಳು, ದೊಡ್ಡವನ ಎತ್ತರ ಹೇಳಿದಳು, ಹಲ್ಲು ಹೇಳಿದಳು, ಚಿಕ್ಕವನ ಮಾತು ಸುಮ್ಮನೆ ಬಂತು, ಅವನಿಗೆ ಅಣ್ಣನ ಅಂಗಿನೇ ಆಗ್ಬೇಕು, ಹೊಸದು ತಂದ್ರೂ ಮುಟ್ತಿರಲಿಲ್ಲ, ತೋಳು ಬೆರಳು ಮುಚ್ಚೋದು, ನಾನೇ ಎರಡು ಸುತ್ತು ಮಡಚಿ ಕಳಿಸ್ತಿದ್ದೆ. ಎರಡು ಸುತ್ತು — ಅಕ್ಕನ ಸ್ವೆಟರು ಹಾಕಿಕೊಂಡೇ ಶಾಲೆ ಮುಗಿಸಿದ ಇವಳಿಗೆ ಆ ಮಡಿಕೆಯ ದಪ್ಪ ಮಣಿಕಟ್ಟಿನ ಮೇಲೆ ಈಗಲೂ ಗೊತ್ತಾಗುತ್ತದೆ. ಹೇಗೆ ಹೇಳುವುದು, ಯಾವುದನ್ನು ಮೊದಲು ಹೇಳುವುದು, ಅಮ್ಮಾ ಇವನು ನಿಮ್ಮ ದೊಡ್ಡ ಮಗ ಅಲ್ಲ ಅಂದ ತಕ್ಷಣ ಆಕೆಯ ಮುಖ ಅರಳುತ್ತದೆ, ಹಾಗಾದ್ರೆ ಇದಾನಾ ಅನ್ನುತ್ತಾಳೆ, ಅರಳಿದ ಮುಖಕ್ಕೆ ಎರಡನೆಯ ವಾಕ್ಯ ಹೇಳಬೇಕು, ಬೇಡ, ಚಿಕ್ಕವನದೇ ಮೊದಲು ಹೇಳಿಬಿಟ್ಟರೆ ದೊಡ್ಡವನ ಮಾತು ಆಕೆಯ ಕಿವಿಗೇ ಬೀಳುವುದಿಲ್ಲ. ಆಕೆ ಯಾರಿಗಾಗಿ ಅತ್ತು ಮುಗಿಸಿದ್ದಳೋ ಅವನು ಸಿಗಲಿಲ್ಲ, ಯಾರಿಗಾಗಿ ಕಾಯುತ್ತಿದ್ದಳೋ ಅವನು ಸಿಕ್ಕಿದ, ಇದಕ್ಕೆ ಯಾವ ಭಾಷೆಯಲ್ಲಿ ವಾಕ್ಯವಿದೆ. ಹೇಳದೇ ಇದ್ದರೆ? ಆಕೆ ದೊಡ್ಡವನೆಂದು ಮಣ್ಣು ಮಾಡುತ್ತಾಳೆ, ಮನೆಗೆ ಹೋಗಿ ಫೋನಿನ ಮೇಲಿನ ಕರವಸ್ತ್ರ ಒಗೆದು ಮತ್ತೆ ಹೊದಿಸಿ ಚಿಕ್ಕವನಿಗಾಗಿ ಕಾಯುತ್ತಾಳೆ, ಯಾರ ಗಂಟು ಹೋಗುತ್ತದೆ — ಆದರೆ ನಾಳೆ ಇನ್ನೊಂದು ಗುಂಡಿಯಲ್ಲಿ ದೊಡ್ಡವನು ಎದ್ದು ಬಂದರೆ, ವರದಿ ಮತ್ತೆ ಈ ತಾಯಿಯ ಮಗ ಅಂದರೆ, ಆಗ ಯಾವ ಮುಖ ಹೊತ್ತು ಆ ಮನೆಯ ಬಾಗಿಲು ತಟ್ಟುವುದು, ಅಲ್ಲಿಯವರೆಗೂ ಈ ಹುಡುಗ, ಪಾಪ, ಮಣ್ಣಿನಲ್ಲೂ ಅಣ್ಣನದನ್ನೇ ಹಾಕಿಕೊಂಡು, ಅಣ್ಣನ ಹೆಸರಿನ ಕೆಳಗೆ. ಹೆದರಿಕೆಯಾಗುತ್ತಿದೆ, ಇಷ್ಟು ವರ್ಷದ ಕೆಲಸದಲ್ಲಿ ಸತ್ತವರ ಮುಂದೆ ಒಮ್ಮೆಯೂ ಆಗದಷ್ಟು ಹೆದರಿಕೆ.

ಬಾಗಿಲು. ಸಾಹೇಬರ ಕೆಮ್ಮು, ಅವರ ಹಿಂದೆ ಆಕೆ, ಇವಳು ಕೊರಳೆಲುಬನ್ನು ಅದರ ಜಾಗದಲ್ಲಿ ಇಟ್ಟಳು, ಕೂತ್ಕೊಳ್ಳಿ ಅಮ್ಮಾ, ನಿಮ್ಮ ಹತ್ರ ಒಂದು ಮಾತು — ಮೊದ್ಲು ಹಾಕ್ಬಿಡ್ತೀನಿ ತಾಯಿ, ಇಲ್ಲಿ ಎಷ್ಟು ಚಳಿ, ಎಂದು ಆಕೆ ಅಂಗಿಯನ್ನು ಬಿಡಿಸಿಯೇಬಿಟ್ಟಳು, ಪಕ್ಕೆಲುಬುಗಳ ಮೇಲೆ ಹೊದಿಸಿದಳು, ಗುಂಡಿ ಹಾಕಿದಳು, ಹೆಗಲಿಗೆ ಹೆಗಲು ಸರಿಮಾಡಿ ತೋಳನ್ನು ತೋಳಿನ ಎಲುಬಿನ ಮೇಲೆ ಉದ್ದಕ್ಕೂ ಸವರುತ್ತ ಹೋದಳು, ಅಂಗಿ ಮಣಿಕಟ್ಟು ದಾಟಿತು, ಅಂಗೈ ದಾಟಿತು, ಬೆರಳುಗಳು ಒಂದೂ ಕಾಣದ ಹಾಗೆ ಮುಚ್ಚಿತು, ಆಕೆಯ ಕೈ ಅಲ್ಲೇ ನಿಂತಿತು. ಸಾಹೇಬರು, ಮಣ್ಣಲ್ಲಿದ್ದು ಎಲುಬು ಸ್ವಲ್ಪ ಕುಗ್ಗುತ್ತೆ ತಾಯಿ. ಈಗ, ಈಗಲೇ, ಈಗ ಹೇಳದಿದ್ದರೆ — ಕುಗ್ಗಲ್ಲಮ್ಮ, ಇಷ್ಟೊಂದು ಕುಗ್ಗಲ್ಲ, ಇವಳ ದನಿ ಇವಳಿಗೇ ದೂರದಿಂದ ಕೇಳಿಸಿತು. ಆಕೆ ತಲೆ ಎತ್ತಲಿಲ್ಲ. ಗೊತ್ತು, ಅಂದಳು. ಇವಳು ಜೋಡಿಸಿಟ್ಟ ವಾಕ್ಯಗಳು, ಮೊದಲನೆಯದು ಎರಡನೆಯದು, ಯಾವುದೂ ಬೇಕಾಗಲಿಲ್ಲ, ಆಕೆ ಅಂಗಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮಡಚಿದಳು, ಒಂದು ಸುತ್ತು, ಮಡಿಕೆಯನ್ನು ಹೆಬ್ಬೆರಳಿನಿಂದ ಒತ್ತಿದಳು, ಮತ್ತೆ ಹಿಡಿದು ಇನ್ನೊಂದು ಸುತ್ತು, ಬೆರಳುಗಳು ಹೊರಗೆ ಬಂದವು, ಇನ್ನೊಂದು ಕೈಗೂ ಹಾಗೆಯೇ, ಒಂದು ಸುತ್ತು — ಎರಡು ಸುತ್ತು.