ಮುಚ್ಚಿದ ಪೆಟ್ಟಿಗೆ, ಎಂಟು ಸ್ಕ್ರೂ

ಸಿನಿಮಾದಲ್ಲಿ ಹೀರೋ ಬಾಂಬಿನ ವೈರ್ ಕತ್ತರಿಸುವುದನ್ನು ನೀವು ನೋಡಿರುತ್ತೀರಿ. ನಾನು ಬೆವರೂ ಒರೆಸಿಕೊಳ್ಳದೆ ವರ್ತಕ ನಗರದ ಅತಿ ದುಬಾರಿ ಸ್ಪೀಕರುಗಳ ಪ್ರಾಣ ಉಳಿಸಿದವನು. ಎರಡೇ ನಿಮಿಷ, ಒಂದೇ ಸ್ಕ್ರೂಡ್ರೈವರ್. ಬಿಲ್ಡಿಂಗಿನವರೆಲ್ಲ ಸಾಕ್ಷಿ. ಈ ಕೌಶಲ್ ಎಂಟ್ರಿ ಕೊಟ್ಟರೆ ಮ್ಯೂಸಿಕ್ಕೇ ಎದ್ದು ನಿಲ್ಲುತ್ತದೆ!

ಸ್ಪೀಕರ್ ನನ್ನದಲ್ಲ, ಸಂಕಟ ಅದೇ. ಮೇಲಿನ ಮಹಡಿಯ ಲತೀಶನದು. ನನ್ನ ಸ್ಪೀಕರಿನ ಮುಂದೆ ದೊಡ್ಡ ತೂತು, ಸುತ್ತ ನೀಲಿ ಲೈಟು. ಜೋರಾಗಿ ಹಾಕಿದರೆ ಕೆಳಗೆ ನಿಂತ ಬೈಕುಗಳ ಅಲಾರಂ ಕೂಗಬೇಕು. ಲತೀಶನದು ಒಂದು ತೂತೂ ಇಲ್ಲದ ಎರಡು ಮರದ ಪೆಟ್ಟಿಗೆ. ಒಳಗೆ ಸಿಕ್ಕಿಕೊಂಡ ಗಾಳಿಯೇ ಸ್ಪ್ರಿಂಗಿನ ಹಾಗೆ ಸ್ಪೀಕರಿನ ಪರದೆಯನ್ನು ಹಿಡಿದಿರುತ್ತದಂತೆ. ಅಜ್ಜಂದಿರ ಕಾಲದ ವಿದ್ಯೆ. ಈಗ ಬ್ಲೂಟೂತ್ ಸೇರಿಸಿ ಹೊಸದಾಗಿ ಮಾಡಿದ್ದಾರೆ. ಇರಲಿ ಬಿಡಿ. ಆದರೆ ನನ್ನ ಪಪ್ಪ ಅದಕ್ಕೆ ಮರುಳಾದರು.

ಪಪ್ಪನ ಹೆಸರು ಗುರುವಪ್ಪ. ಡೊಂಬಿವಲಿ ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದಾಗ ಯಕ್ಷಗಾನಕ್ಕೆ ಮದ್ದಲೆ ಬಾರಿಸುತ್ತಿದ್ದವರು. ಆಗ ರೂಮಿನಲ್ಲಿ ಇಂಥದ್ದೇ ಮುಚ್ಚಿದ ಪೆಟ್ಟಿಗೆಯ ಸ್ಪೀಕರ್ ಇತ್ತಂತೆ. ನಾನು ಹಾಡು ಹಾಕಿದರೆ "ಬಂದ್ ಮಾಡು ಮಾರಾಯ, ತಲೆಯೊಳಗೆ ಮಿಕ್ಸಿ ತಿರುಗಿದ ಹಾಗಾಗ್ತದೆ" ಎನ್ನುವವರು, ದಿನಾ ಸಂಜೆ ಲತೀಶನ ಸೋಫಾದಲ್ಲಿ ಕಣ್ಣು ಮುಚ್ಚಿ ಕೂರತೊಡಗಿದರು.

"ಆ ಲತೀಶನಿಗೆ ಕಿವಿ ಉಂಟು" ಎಂದರು ಒಂದು ದಿನ ಊಟಕ್ಕೆ ಕೂತು.

"ಮತ್ತೆ ನನಗೆ ಇರೋದೇನು ಪಪ್ಪ, ಚಹಾ ಕಪ್ಪಿನ ಹಿಡಿಯಾ?"

ಅವರು ಸಾರು ಬಡಿಸಿಕೊಂಡರು.

ಅಷ್ಟಕ್ಕೇ ನಿಲ್ಲಲಿಲ್ಲ. ಪಪ್ಪನ ಹಳೆಯ ತಂಡದ ಕ್ಯಾಸೆಟ್ ಒಂದನ್ನು ಲತೀಶ ಎಲ್ಲಿಂದಲೋ ಹುಡುಕಿ ತಂದ. ಭಾನುವಾರ ಹತ್ತು ಗಂಟೆಗೆ ಬಿಲ್ಡಿಂಗಿನವರಿಗೆಲ್ಲ ಚಹಾ, ಜೊತೆಗೆ ಗುರುವಪ್ಪನವರ ಮದ್ದಲೆ. ಪಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಂದಿನ ಕುರ್ಚಿಯಲ್ಲಿ ಕೂತರು.

ಕ್ಯಾಸೆಟ್ಟಿನಲ್ಲಿ ಭಾಗವತರು ಹಾಡತೊಡಗಿದರು. ಆಮೇಲೆ ಮದ್ದಲೆ. ಒದ್ದೆ ರಟ್ಟಿನ ಡಬ್ಬಕ್ಕೆ ಹೊಡೆದಂತೆ ಟಪ್, ಟಪ್. ಪ್ರತಿ ಪೆಟ್ಟಿಗೂ ಪೆಟ್ಟಿಗೆಗಳ ಹಿಂದಿನಿಂದ 'ಫುಸ್'.

"ಗುರುವಪ್ಪಣ್ಣ, ಇದು ಮದ್ದಲೆಯಾ, ಕುಕ್ಕರಾ?" ಎಂದರು ಪಕ್ಕದ ಮನೆಯ ಮಾಪಣ್ಣ. ಎಲ್ಲರೂ ನಕ್ಕರು. ಎಲ್ಲರಿಗಿಂತ ಮೊದಲು ನಾನು.

ಲತೀಶ ಬೆಪ್ಪಾದ. "ಸಾರಿ ಅಂಕಲ್, ಕಲ್ ತಕ್ ತೋ ಬರಾಬರ್ ಥಾ." ನಿನ್ನೆಯವರೆಗೆ ಸರಿಯಾಗಿಯೇ ಇತ್ತಂತೆ.

ಪಪ್ಪ ತಮ್ಮ ಬೆರಳುಗಳನ್ನೇ ನೋಡುತ್ತಿದ್ದರು. "ನಿನ್ನ ಸ್ಪೀಕರಿನ ತಪ್ಪಲ್ಲ ಮಗಾ. ನನ್ನ ಕೈಯೇ ಹೀಗಿತ್ತು ಕಾಣ್ತದೆ. ಇಷ್ಟು ವರ್ಷ ಚೆಂದ ಬಾರಿಸ್ತಿದ್ದೆ ಅಂತ ಸುಮ್ಮನೆ ಅಂದುಕೊಂಡಿದ್ದೆ." ಎದ್ದು ಬಾಗಿಲ ಬಳಿ ಚಪ್ಪಲಿ ಹುಡುಕತೊಡಗಿದರು.

ನನ್ನ ನಗು ಅಲ್ಲೇ ಸಿಕ್ಕಿಕೊಂಡಿತು. "ಪಪ್ಪ, ಎರಡು ನಿಮಿಷ" ಎಂದವನೇ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದೆ. ಎರಡೂ ಪೆಟ್ಟಿಗೆಗಳ ಹಿಂದೆ ವೈರ್ ಸಿಕ್ಕಿಸುವ ಪಟ್ಟಿಗಳಿವೆ, ಒಂದೊಂದಕ್ಕೆ ನಾಲ್ಕು ಸ್ಕ್ರೂ. ಎಂಟನ್ನೂ ಬಿಗಿ ಮಾಡಿದೆ, ಗಾಳಿ ಸೋರುತ್ತಿದ್ದ ಸಂದು ಮುಚ್ಚಿತು. ಲತೀಶ ಮತ್ತೆ ಹಾಕಿದ.

ಧೀಂ!

ಗಟ್ಟಿ, ದುಂಡು, ಎದೆಗೇ ಬಂದು ತಾಗುವ ಪೆಟ್ಟು. ಬಾಗಿಲಲ್ಲಿ ನಿಂತಿದ್ದ ಪಪ್ಪನ ಬೆರಳು ತೊಡೆಯ ಮೇಲೆ ತಾನಾಗಿಯೇ ಆಡತೊಡಗಿತು.

"ಭಾಯ್, ತೂ ತೋ ಇಂಜಿನಿಯರ್ ನಿಕಲಾ!" ಲತೀಶ ನನ್ನ ಬೆನ್ನಿಗೆ ಗುದ್ದಿದ.

"ನನ್ನ ಮಗ" ಎಂದರು ಪಪ್ಪ ಮಾಪಣ್ಣನ ಕಡೆ ತಿರುಗಿ. "ಇವನಿಗೂ ಕಿವಿ ಉಂಟು ಮಾರಾಯ!"

ಒಂದು ತಿಂಗಳಿಂದ ನಾನು ಕಾದ ಡೈಲಾಗ್ ಅದು. ನನ್ನ ಸಿನಿಮಾ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಪಪ್ಪ ನನ್ನ ಕೈ ನೋಡಿದರು.

"ಅಲ್ಲ ಕೌಶಲ್, ಚಹಾ ಕುಡೀಲಿಕ್ಕೆ ಬರುವವನ ಜೇಬಿನಲ್ಲಿ ಸ್ಕ್ರೂಡ್ರೈವರ್ ಯಾಕೆ?"

ಬಾಯಿಗೆ ಹತ್ತು ಡೈಲಾಗ್ ಬಂದವು. ಎಲ್ಲ ಬಿಟ್ಟು ಸ್ಕ್ರೂಡ್ರೈವರನ್ನು ಲತೀಶನ ಕೈಗಿಟ್ಟೆ.

"ಬೆಳಿಗ್ಗೆ ಕುರ್ಚಿ ಹಾಕಲಿಕ್ಕೆ ಬಂದಾಗ ಸ್ಕ್ರೂ ಸಡಿಲ ಮಾಡಿದ್ದು ನಾನೇ ಪಪ್ಪ. ಸ್ಪೀಕರ್ ಕೆಟ್ಟರೆ ನೀವು ಸಂಜೆ ನಮ್ಮ ಮನೆಯಲ್ಲೇ ಕೂರ್ತೀರಿ ಅಂತ. ನಿಮ್ಮ ಕೈ ಸರಿಯಾಗಿಯೇ ಇತ್ತು."