ಕಸ್ತೂರೆವ್ವ ಕೂತ ಜಾಗ

ಅಣ್ಣಿಗೇರಿಯ ಬಸ್ಸು ಹೋಯಿತು, ಹೋಗಲಿ ಅತ್ತ, ಆದರೆ ಕಿಟಕಿಯಿಂದ ಒಂದು ಕೈ ಹೊರಬಂದು ಹೊಲದ ಕಡೆ ಬೊಟ್ಟು ಮಾಡಿತಲ್ಲ, ಅದನ್ನು ಬದುವಿನ ಹತ್ತಿರ ಕೂತಿದ್ದ ಕಸ್ತೂರೆವ್ವ ನೋಡಿಯೇಬಿಟ್ಟಳು — ಇನ್ನು ಸಂಜೆಯೊಳಗೆ ಮೊರಬದ ತನಕ ಸುದ್ದಿ, ಈರಬಸಪ್ಪನ ಹೊಲದಾಗ ಜ್ವಾಳದ ಸಾಲು ತಪ್ಪ್ಯಾವಂತ, ಅದೂ ರಸ್ತಾದ ಬಾಜೂಕನ. ಎಲ್ಲೋ ಒಳಗಿನ ಹೊಲದಲ್ಲಾಗಿದ್ದರೆ ಯಾರ ಕಣ್ಣಿಗೆ ಬೀಳುತ್ತಿತ್ತು, ಇಲ್ಲಿ ಹೋಗುವವರು ಬರುವವರೆಲ್ಲ ನೋಡಲಿ ಅಂತ ಎರೆನೆಲ ಮೈ ಬಿಚ್ಚಿಕೊಂಡು ಬಿದ್ದಿದೆ, ಐದು ಸಾಲು ಹಸಿರು ಒಂದು ಸಾಲು ಕಪ್ಪು, ಮತ್ತೆ ಐದು ಹಸಿರು ಒಂದು ಕಪ್ಪು, ಅಯ್ಯೋ ಶಿವನೇ. ಅಲ್ಲಿ ನಡುಹೊಲದಲ್ಲಿ ಈರಬಸಪ್ಪ, ಭಾವನ ಮಗ, ಧೋತರ ಎತ್ತಿ ಕಟ್ಟಿಕೊಂಡು ಕೂಗಾಡುತ್ತಿದ್ದಾನೆ, ಕಸ ತೆಗೆಯಲು ಬಂದ ಹೆಂಗಸರು ಕೈಯಲ್ಲಿ ಕುರುಪಿ ಹಿಡಿದು ನಿಂತಿದ್ದಾರೆ, ಅವರ ನಡುವೆ ತಲೆ ತಗ್ಗಿಸದೆ ನಿಂತವಳು ಸಣ್ಣವ್ವ. ತಗ್ಗಿಸಲಿ ಯಾಕೆ, ಅವಳೇನು ಮಾಡಿದ್ದಾಳೆ. ಬಿತ್ತಿದ ದಿನ ಹೊಲದಲ್ಲಿ ಎರಡು ಕೂರಿಗೆ, ಒಂದರ ಹಿಂದೆ ಒಂದು, ಮುಂದಿನದಕ್ಕೆ ಬೀಜ ಬಿಟ್ಟವಳು ಕಸ್ತೂರೆವ್ವ, ಹಿಂದಿನದಕ್ಕೆ ಸಣ್ಣವ್ವ, ಎತ್ತು ಹೊಡೆದ ಗಂಡಸರಿಬ್ಬರೂ ಯಾವ ಸಾಲು ಯಾರದೋ ನಮಗೇನು ಗೊತ್ತರಿ ಅಂತ ಕೈ ಝಾಡಿಸಿಬಿಟ್ಟರು. ಈರಬಸಪ್ಪನಿಗೆ ಮಾತ್ರ ಅನುಮಾನವೇ ಇಲ್ಲ. ಕಾಕಿ ಕೈಯಾಗ ಕಾಳು ತಪ್ಪೂದುಂಟೇನು, ಅದು ಇಕೀದ ಕೆಲಸ, ಹೊಸಾ ಕೈ. ಕಾಕಿಯ ಕೈ! ಮದುವೆಯಾಗಿ ಬಂದ ವರ್ಷ ಅತ್ತೆ ಅಂಗಳದಲ್ಲಿ ಬೂದಿ ಹರವಿ ಅದರ ಮೇಲೆ ನಡೆಸುತ್ತ ಕಾಳು ಬಿಡಿಸುತ್ತಿದ್ದಳು, ಎರಡು ಕಾಳು ಒಟ್ಟಿಗೆ ಬಿದ್ದರೆ ಬೆರಳ ಗಂಟಿನ ಮೇಲೆ ಲಟ್ಟಣಿಗೆಯ ಏಟು, ಮುಷ್ಟಿ ಬಿಗೀಬ್ಯಾಡ ಸಡಲ ಬಿಡಬ್ಯಾಡ, ಕೈ ಮಾತಾಡ್ತೈತಿ ಕೇಳ್ಬೇ — ಅಂಥ ಅತ್ತೆ ಪಳಗಿಸಿದ ಕೈ, ಬಿತ್ತಿಗೆ ಬಂತೆಂದರೆ ನಾಲ್ಕು ಮನೆಯವರು ಬಂದು ಕರೆಯುವ ಕೈ. ಈಗ ಆ ಕೈ ಸೀರೆಯ ನಿರಿಗೆಯನ್ನು ಎಳೆದೆಳೆದು ಸುತ್ತ ನೆಲಕ್ಕೆ ಹರವುತ್ತಿದೆ.

ಕೇರಿಯ ಹೆಣ್ಣಿನ ಉಡಿಗೆ ಬೀಜ ಕೊಡ್ತೀಯೇನೋ ಅಂತ ಅಂದವಳೂ ಕಸ್ತೂರೆವ್ವನೇ, ಅಂದದ್ದು ಬಿತ್ತುವ ದಿನ ಎಲ್ಲರ ಎದುರಿಗೆ. ನವಲಗುಂದದ ರೈತರ ಗಲಾಟೆಯ ಮರುವರ್ಷ, ಊರಿನ ಹುಡುಗರ ತಲೆಯಲ್ಲಿ ಹೊಸ ಗಾಳಿ, ಈರಬಸಪ್ಪ ನಕ್ಕುಬಿಟ್ಟ, ಹದಾ ಆರಿ ಹೊಕ್ಕೈತಿ ಕಾಕಿ, ಕೈ ಚಲೋ ಇದ್ದರ ಸಾಕು, ಸಣ್ಣವ್ವನ ಕೈ ನಿನ್ನ ಕೈಯಂಗ ಐತಿ ನೋಡು ಅಂದ. ನಿನ್ನ ಕೈಯಂಗ. ಆಮೇಲೆ ಮಧ್ಯಾಹ್ನವಿಡೀ ಕಸ್ತೂರೆವ್ವನ ಕೈ ತನ್ನ ಕೂರಿಗೆಯ ಬೀಜದ ಬಟ್ಟಲಿನ ಮೇಲೆ, ಕಣ್ಣು ಹಿಂದಿನ ಕೂರಿಗೆಯ ಮೇಲೆ, ಈಗ ತಪ್ಪುತ್ತಾಳೆ ಈಗ ತಪ್ಪುತ್ತಾಳೆ ಅಂತ ತಿರುತಿರುಗಿ ನೋಡಿದ್ದೇ ನೋಡಿದ್ದು, ಮೂದೇವಿ ತಪ್ಪಲೇ ಇಲ್ಲ — ಇತ್ತ ಬಟ್ಟಲಿನ ಮೂರು ತೂತಿನಲ್ಲಿ ಒಂದು ಬೀಜ ನುಂಗುವುದನ್ನು ಬಿಟ್ಟಿತ್ತು, ಬೆರಳಿಗೆ ಗೊತ್ತಾಗಿತ್ತು, ಹೌದು, ಬೆರಳು ಹೇಳಿತು, ಅವಳು ಕೇಳಿಸಿಕೊಳ್ಳಲಿಲ್ಲ. ಹೊತ್ತು ಇಳಿದು ಇಲ್ಲಿ, ಈ ಬದುವಿನ ಹತ್ತಿರ, ಎತ್ತು ಬಿಚ್ಚಿದಾಗ ಕೂರಿಗೆಯ ಬಿದಿರಿನ ಕೊಳವೆಗೆ ಕಲ್ಲಿನಿಂದ ಕುಟ್ಟಿದಳು. ಹಸಿ ಎರೆಮಣ್ಣಿನ ಬೆಣೆ ಕಳಚಿ ಬಿತ್ತು, ಅದರ ಹಿಂದೆ ಸರ್ರನೆ ಬೀಜ, ನೆಲದ ಮೇಲೆ ಒಂದು ಹಿಡಿ ರಾಶಿ. ಆಗಲೇ ಒಂದು ಮಾತು ಅಂದಿದ್ದರೆ, ಏ ತಮ್ಮಾ ಕೊಳವಿ ಕಟ್ಟಿತ್ತೋ, ಎತ್ತು ಹೂಡು, ರಸ್ತಾದ ಕಡೆ ಇನ್ನೊಮ್ಮೆ ಹೊಡಿಯೂಣು, ಹದ ಇತ್ತು, ಬೆಳಕೂ ಇತ್ತು. ಆದರೆ ಈರಬಸಪ್ಪ ನೀರಿನ ತಂಬಿಗೆ ಹಿಡಿದು ಬರುತ್ತಿದ್ದ, ದಣಿದ್ಯೇನು ಕಾಕಿ ಅನ್ನುತ್ತಿದ್ದ, ಹಿಂದೆ ಸಣ್ಣವ್ವನೂ ಬರುತ್ತಿದ್ದಳು. ಕಾಲು ತಾನಾಗಿಯೇ ಮಣ್ಣು ಸರಿಸಿತು, ರಾಶಿ ಮುಚ್ಚಿತು, ಮೇಲೆ ಒಂದು ಮೆಟ್ಟು ಮೆಟ್ಟಿತು. ದಣಿದಿಲ್ಲಪಾ ಅಂದಳು. ಇಂದು ಮುಂಜಾನೆ ಸುದ್ದಿ ಕೇಳಿ ಎಲ್ಲರಿಗಿಂತ ಮೊದಲು ಓಡಿಬಂದು ನೋಡಿದರೆ ಇಲ್ಲಿ ಅದೇ ಜಾಗದಲ್ಲಿ ಜೋಳ ಎದ್ದು ನಿಂತಿದೆ, ಅಷ್ಟೂ ಬೀಜ, ಒಂದರ ಮೈಗೆ ಒಂದು ಒತ್ತಿಕೊಂಡು, ಕುಂಚದ ಹಾಗೆ. ಕಿತ್ತಳು, ಎಸಳು ಹರಿದು ಕೈಗೆ ಬಂತು, ಬುಡ ಬರಲಿಲ್ಲ, ಅಷ್ಟರಲ್ಲಿ ಹೆಜ್ಜೆಯ ಸಪ್ಪಳ. ಅದರ ಮೇಲೆಯೇ ಕೂತುಬಿಟ್ಟಳು.

ಸಣ್ಣವ್ವ ಏನೋ ಅನ್ನುತ್ತಿದ್ದಾಳೆ, ಗಾಳಿ ಇತ್ತ ಕಡೆಯೇ ಬೀಸುತ್ತಿದೆ, ಒಂದೊಂದು ಮಾತೂ ಕೇಳುತ್ತದೆ. ನನ್ನ ಕೂರಿಗಿ ಕಟ್ಟಿಲ್ಲರಿ ಎಪ್ಪಾ, ಕಟ್ಟಿದ್ದರ ಕೊಳವ್ಯಾಗಿನ ಬೀಜ ಎಲ್ಲ್ಯರೆ ಬಿದ್ದಿರಬೇಕಲ್ರಿ, ಕೂರಿಗಿ ಬಿಚ್ಚಿದಲ್ಲಿ ನೋಡೂಣು ಬರ್ರಿ. ಮೊದಲು ಅವಳ ಕೂರಿಗೆ ಬಿಚ್ಚಿದ ಜಾಲಿಗಿಡದ ಬುಡಕ್ಕೆ ಹೋದರು, ಅಲ್ಲಿ ಏನಿರುತ್ತದೆ ಮಣ್ಣು, ಈಗ ಇತ್ತ ತಿರುಗಿದರು, ಬಂದರು, ಬಂದೇಬಿಟ್ಟರು, ತೊಡೆಯ ಕೆಳಗೆ ತಣ್ಣಗೆ ಎಸಳು ಚುಚ್ಚುತ್ತಿದೆ, ಭೂಮಿತಾಯಿ, ಬಾಯಿ ಬಿಟ್ಟು ನುಂಗಬಾರದೇನವ್ವಾ ನನ್ನ. ಈರಬಸಪ್ಪ ಎದುರಿಗೇ ನಿಂತ. ಹೇಳಬೇಕು, ಈಗ ಹೇಳಬೇಕು, ತಪ್ಪು ನಂದೈತಿ ತಮ್ಮಾ, ಅಕೀನ್ನ ಬಿಡು — ಎಷ್ಟು ಸಣ್ಣ ಮಾತು. ಅವ್ವಾರ, ಒಂದೀಟು ಏಳ್ತೀರೇನ್ರಿ, ಅಂದಳು ಸಣ್ಣವ್ವ. ಕಸ್ತೂರೆವ್ವ ಬಾಯಿ ತೆರೆಯುವುದರೊಳಗೆ ಈರಬಸಪ್ಪ ಸಿಡಿದ, ಯಾರನ್ನ ಎಬ್ಬಸ್ತೀಬೇ ನೀನು, ಕಾಕಿ ವಯಸ್ಸೇನು ನಿನ್ನ ವಯಸ್ಸೇನು, ತಪ್ಪು ಮಾಡಿ ಹಿರ್ಯಾರ ಮ್ಯಾಲೆ ಹಾಕ್ತೀಯೇನು, ಕಡ್ಲಿ ಬಿತ್ತಾಕ ನಿಮ್ಮ ಓಣಿಯಿಂದ ಯಾರೂ ಬರಬ್ಯಾಡ್ರಿ ಹೋಗ್ರಿ. ಅಂದು, ಇವಳ ಕಡೆ ತಿರುಗಿ, ದನಿ ತಗ್ಗಿಸಿ, ನೀ ಕುಂಡ್ರು ಕಾಕಿ, ಬಿಸಲಾಗ ಎದ್ದು ತಲಿ ತಿರಗೀತು. ಎಷ್ಟು ಮರ್ಯಾದೆ, ಆ ಮರ್ಯಾದೆಯ ಮೇಲೆ ಬೆಂಕಿ ಬೀಳಲಿ. ಹೂಂ ಅಂದಳು. ಹೂಂ ಅಂದುಬಿಟ್ಟಳು. ಸಣ್ಣವ್ವನ ಕಣ್ಣು ಸೀರೆಯ ಅಂಚಿಗೆ ಬಂದು ನಿಂತಿತು, ಅಲ್ಲಿ ಒಂದು ಎಸಳು ಹೊರಗೆ ಚಾಚಿತ್ತು, ಅದನ್ನು ನೋಡಿದಳು, ಆಮೇಲೆ ಕಸ್ತೂರೆವ್ವನ ಮುಖ ನೋಡಿದಳು. ಕುಂಡ್ರಿ ಅವ್ವಾರ, ಏಳಬ್ಯಾಡ್ರಿ. ಅಷ್ಟೇ ಅಂದು ಕುರುಪಿ ಸೊಂಟಕ್ಕೆ ಸಿಕ್ಕಿಸಿಕೊಂಡು ರಸ್ತೆಯ ಕಡೆ ನಡೆದಳು, ಅವಳ ಹಿಂದೆ ಅವಳ ಓಣಿಯ ಹೆಂಗಸರೆಲ್ಲ, ಈರಬಸಪ್ಪ ಇನ್ನೊಂದು ಕಡೆಗೆ. ಕೂಗಿದರೆ ಕೇಳುವಷ್ಟು ದೂರ, ಈಗಲೂ ಕೇಳುತ್ತದೆ, ಈಗಲೂ, ಸಣ್ಣವ್ವಾ ಅಂದರೆ ಸಾಕು, ಯಾರೂ ಇತ್ತ ನೋಡುತ್ತಿಲ್ಲ, ಕೈ ಊರಿ ಎದ್ದಳು, ಕೂಗಲು ಬಾಯಿ ತೆರೆದವಳು ಕೆಳಗೆ ನೋಡಿದಳು — ಅಪ್ಪಚ್ಚಿಯಾಗಿ ನೆಲಕ್ಕೆ ಹತ್ತಿಕೊಂಡಿದ್ದ ಜೋಳ, ಬುಡ ಬೆಳ್ಳಗೆ, ಅದರಲ್ಲಿ ಒಂದು ಎಸಳು ಅಲುಗಿತು, ಮಣ್ಣು ಬಿಟ್ಟು ಮೇಲೆದ್ದಿತು, ಅದರ ಬಾಜೂಕ ಇನ್ನೊಂದು, ಅದರ ಬಾಜೂಕ ಇನ್ನೊಂದು, ಒಂದು ಹಿಡಿ, ಹಸಿರು, ಒಂದೇ ಕಡೆ, ಯಾರು ಬಂದರೂ ಕಾಣುವ ಹಾಗೆ.